ಮೊದಲು ಕೂರಿಸಿ, ಆಮೇಲೆ ಉಣಿಸಿ

ಸಿಪಿ, ಅಂದರೆ ಸೆರೆಬ್ರಲ್ ಪಾಲ್ಸಿ (ಮೆದುಳಿಗೆ ಬಿದ್ದ ಪೆಟ್ಟಿನಿಂದ ಕೈಕಾಲು ಹತೋಟಿಗೆ ಸಿಗದ ತೊಂದರೆ) ಇರುವ ಮಗುವಿನ ಮನೆಗೆ ಹೋದರೆ ಮೊದಲು ಬರುವ ಪ್ರಶ್ನೆ, "ಮೇಡಂ, ಯಾವಾಗ ನಡೀತಾನೆ?" ನಾನು ತಿರುಗಿ ಕೇಳುವುದು, "ಊಟ ಹೇಗೆ ಮಾಡಿಸ್ತೀಯಮ್ಮ? ಒಂದ್ಸಲ ತೋರ್ಸು." ಫಿಸಿಯೋಥೆರಪಿಯವಳು ಬಂದು ಕೈಕಾಲು ಎಳೆದು ವ್ಯಾಯಾಮ ಮಾಡಿಸುತ್ತಾಳೆ ಅಂದುಕೊಂಡವರಿಗೆ ಇದು ವಿಚಿತ್ರ ಅನ್ನಿಸುತ್ತದೆ. ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ವರ್ಷಗಟ್ಟಲೆ ಮನೆಮನೆ ತಿರುಗಿದ ಮೇಲೆ ನನ್ನ ಕೆಲಸ ಶುರುವಾಗುವುದೇ ಊಟದ ಹೊತ್ತಿನಲ್ಲಿ.

ಕಾಣುವುದು ಹೆಚ್ಚುಕಡಿಮೆ ಒಂದೇ ದೃಶ್ಯ. ತಾಯಿ ಕಾಲು ಚಾಚಿ ಕೂತು, ಮಗುವನ್ನು ಅಂಗಾತ ಮಲಗಿಸಿಕೊಂಡು ರಾಗಿ ಗಂಜಿಯನ್ನು ಮೇಲಿನಿಂದ ಹುಯ್ಯುತ್ತಾಳೆ. ತಲೆ ಹಿಂದಕ್ಕೆ ಬಿದ್ದಿರುತ್ತದೆ. ಮಗು ಕೆಮ್ಮಿ, ಬಿಲ್ಲಿನಂತೆ ಸೆಟೆದುಕೊಳ್ಳುತ್ತದೆ. ಅತ್ತೆ ಪಕ್ಕದಿಂದ "ಊಟಕ್ಕೆ ಬಲು ಹಟ" ಅನ್ನುತ್ತಾರೆ. ಅದು ಹಟವಲ್ಲ. ಬಿಗಿತ ಇರುವ ಎಷ್ಟೋ ಮಕ್ಕಳಲ್ಲಿ ತಲೆ ಹಿಂದೆ ಹೋದರೆ ಇಡೀ ಮೈ ಸೆಟೆಯುತ್ತದೆ. ಆ ಭಂಗಿಯಲ್ಲಿ ನುಂಗುವುದು ಕಷ್ಟ, ಗಂಜಿ ಶ್ವಾಸನಾಳಕ್ಕೆ ಜಾರುವುದು ಸುಲಭ. ಮೇಲಿಂದ ಮೇಲೆ ಬರುವ ಕಫ, ನ್ಯುಮೋನಿಯಾದ ಹಿಂದೆ ಬಹಳ ಸಲ ಇದೇ ಇರುತ್ತದೆ.

ಬೆಳೆಯುತ್ತಿರುವ ಮೆದುಳಿಗೆ ಗರ್ಭದಲ್ಲೋ, ಹೆರಿಗೆ ಹೊತ್ತಿನಲ್ಲೋ, ಹುಟ್ಟಿದ ಮೇಲೋ ಬಿದ್ದ ಪೆಟ್ಟಿನಿಂದ ಸಿಪಿ ಬರುತ್ತದೆ. ಆ ಪೆಟ್ಟು ವರ್ಷದಿಂದ ವರ್ಷಕ್ಕೆ ದೊಡ್ಡದಾಗುವುದಿಲ್ಲ. ಆದರೆ ಬಿಗಿದ ಸ್ನಾಯುಗಳು ಎಳೆಯುತ್ತ ಹೋದಂತೆ ಕೀಲು, ಮೂಳೆ ಸೊಟ್ಟಗಾಗುತ್ತವೆ. ಬಿಗಿತದ ಬಗೆಯೇ ಹೆಚ್ಚು. ಹುಟ್ಟಿದ ಹೊಸತರಲ್ಲಿ ಕಾಮಾಲೆ ವಿಪರೀತವಾಗಿ ಏರಿದ್ದ ಮಕ್ಕಳಲ್ಲಿ ಕೈಕಾಲು ತಾನಾಗಿ ತಿರುಚಿಕೊಳ್ಳುವ ಬಗೆಯನ್ನು ಕಾಣುತ್ತೇವೆ. ಲಂಡನ್ನಿನ ವೈದ್ಯ ವಿಲಿಯಂ ಲಿಟಲ್ 1861ರಲ್ಲಿ ಕಷ್ಟದ ಹೆರಿಗೆಯನ್ನು ಕಾರಣವಾಗಿ ತೋರಿಸಿದ್ದರು. ಬಹಳಷ್ಟು ಮಕ್ಕಳಲ್ಲಿ ತೊಂದರೆ ಗರ್ಭದಲ್ಲೇ ಶುರುವಾಗಿರುತ್ತದೆ ಎಂದು ಈಗ ಗೊತ್ತು. ಊರಲ್ಲಿ ಮಾತ್ರ "ಗ್ರಹಣದ ದಿನ ಹೊರಗೆ ಬಂದಿದ್ಲು" ಅಂತ ತಾಯಿಯ ತಲೆಗೇ ಕಟ್ಟುತ್ತಾರೆ. ಅತ್ತೆ ಎದುರಿಗಿರುವಾಗಲೇ ಅದು ಸುಳ್ಳು ಎಂದು ಜೋರಾಗಿ ಹೇಳಿಬರುತ್ತೇನೆ. ಅದೂ ನನ್ನ ಕೆಲಸವೇ.

ಇನ್ನು ಕೂರಿಸುವುದು. ದುಬಾರಿ ಸಿಪಿ ಕುರ್ಚಿ ಬರುವ ತನಕ ಕಾಯುವುದಿಲ್ಲ, ಊರಿನ ಮರಗೆಲಸದ ಆಚಾರರನ್ನು ಕರೆಸುತ್ತೇನೆ. ಅಳತೆ ನಾನೇ ಹಿಡಿಯುತ್ತೇನೆ. ಬೆನ್ನಿನ ಹಿಂಬದಿಯಿಂದ ಮಂಡಿಯ ಹಿಂಭಾಗದ ತನಕ ಅಳೆದು, ಎರಡು ಬೆರಳು ಕಡಿಮೆ ಮಾಡಿದರೆ ಆಸನದ ಉದ್ದ. ಮಂಡಿಯಿಂದ ಹಿಮ್ಮಡಿಯಷ್ಟು ಎತ್ತರ, ಪಾದ ಊರಲು ಹಲಗೆ. ಪಾದ ನೇತಾಡಿದರೆ ಉಳಿದದ್ದೆಲ್ಲ ದಂಡ. ತೊಡೆಗಳು ಕತ್ತರಿ ಹಾಕದಂತೆ ನಡುವೆ ಬಟ್ಟೆ ಸುತ್ತಿದ ಗೂಟ. ಹಳೇ ಸೀರೆಯ ಪಟ್ಟಿಯನ್ನು ಹೊಟ್ಟೆಗೆ ಕಟ್ಟಬಾರದು, ತೊಡೆಸಂದಿಯ ಮೇಲೆ ಓರೆಯಾಗಿ ಹಿಂದಕ್ಕೆ ಎಳೆದು ಕಟ್ಟಬೇಕು. ಹಾಗಾದರೆ ಮಾತ್ರ ಮಗು ಮುಂದಕ್ಕೆ ಜಾರುವುದಿಲ್ಲ. ಕುತ್ತಿಗೆ ನಿಲ್ಲದ ಮಗುವಿಗೆ ಗೋಡೆಯ ಮೂಲೆಯ ಹಾಗೆ ಎರಡು ಹಲಗೆ ಕೂಡಿಸಿದ ಬೆನ್ನೊರಗು. ಭುಜಗಳು ಮುಂದೆ ಬರುತ್ತವೆ, ಸೆಟೆತ ಇಳಿಯುತ್ತದೆ.

ತಾಯಿ ಎದುರಿಗೆ, ಮಗುವಿನ ಕಣ್ಣಿನ ಮಟ್ಟಕ್ಕೋ ತುಸು ಕೆಳಗೋ ಕೂರಬೇಕು. ಚಮಚ ಕೆಳಗಿನಿಂದ ಬಂದರೆ ಗದ್ದ ತಾನಾಗಿ ತಗ್ಗುತ್ತದೆ. ನೀರುನೀರಾದ ಗಂಜಿಗಿಂತ ಗಟ್ಟಿ ಮಾಡಿದ ಗಂಜಿ, ನುಣ್ಣಗೆ ಕಿವುಚಿದ ಅನ್ನ ಬಹಳ ಮಕ್ಕಳಿಗೆ ಸುಲಭ. ಒಂದು ತುತ್ತು ಒಳಗೆ ಹೋಗುವ ತನಕ ಇನ್ನೊಂದಕ್ಕೆ ಕೈ ಎತ್ತಬಾರದು. ಕೂಲಿಗೆ ಹೊರಟು ನಿಂತ ತಾಯಿಗೆ ಇದನ್ನು ಹೇಳುವುದು ಸುಲಭವಲ್ಲ. ಅದಕ್ಕೇ ಅಜ್ಜಿಗೂ ಕಲಿಸುತ್ತೇನೆ. ಊಟವಾದ ಮೇಲೆ ಅರ್ಧ ಗಂಟೆ ಕೂತೇ ಇರಲಿ. ಇಷ್ಟಾದರೂ ಕೆಮ್ಮು ನಿಲ್ಲದಿದ್ದರೆ, ಉಣ್ಣುವಾಗ ಉಸಿರು ಗೊರಗೊರ ಅಂದರೆ, ತೂಕ ಇಳಿದರೆ ನುಂಗುವುದನ್ನು ಪರೀಕ್ಷೆ ಮಾಡುವವರ ಹತ್ತಿರ ಕಳಿಸುತ್ತೇನೆ.

ಎದುರುಬದುರು ಕೂತರೆ ಇನ್ನೊಂದು ಲಾಭವಿದೆ. ಮಾತು ಬಾರದ ಹುಡುಗಿಯೊಬ್ಬಳ ಮುಂದೆ ಬಾಳೆಹಣ್ಣು, ಬಿಸ್ಕತ್ತು ಎರಡನ್ನೂ ಹಿಡಿದು ಕಾಯಲು ಮನೆಯವರಿಗೆ ಹೇಳಿದ್ದೆ. ಅವಳು ಬಿಸ್ಕತ್ತಿನತ್ತ ನೋಡಿದಳು. ಕೈ ಅದಲುಬದಲು ಮಾಡಿದರೂ ಕಣ್ಣು ಬಿಸ್ಕತ್ತಿನ ಹಿಂದೆಯೇ ಹೋಯಿತು. "ಇವಳಿಗೆ ಏನೂ ತಿಳಿಯಲ್ಲ ಅಂದ್ಕೊಂಡಿದ್ವಲ್ಲ ಮೇಡಂ" ಅಂದರು ಅವಳಪ್ಪ. ಸಿಪಿ ಇರುವವರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಬೌದ್ಧಿಕ ನ್ಯೂನತೆ ಇರುವುದಿಲ್ಲ. ಬಾಯಿ, ನಾಲಿಗೆ ಹತೋಟಿಗೆ ಸಿಗದ ಮಾತ್ರಕ್ಕೆ ದಡ್ಡರೆಂದು ಮೂಲೆಗೆ ಹಾಕಿರುತ್ತೇವೆ.

ನಡೆಯುವ ಪ್ರಶ್ನೆಗೆ ಉತ್ತರ ಕೊಡದೆ ಬರುವುದಿಲ್ಲ. ಎರಡು ವರ್ಷದೊಳಗೆ ಆಸರೆಯಿಲ್ಲದೆ ಕೂತ ಮಕ್ಕಳು ಬಹುತೇಕ ನಡೆಯುತ್ತಾರೆ. ನಾಲ್ಕು ವರ್ಷವಾದರೂ ಕುತ್ತಿಗೆ ನಿಲ್ಲದಿದ್ದರೆ ನಡೆಯುವುದು ತೀರಾ ಅಪರೂಪ. ಇದನ್ನು ಮುಚ್ಚಿಟ್ಟರೆ ಮನೆಯವರು ಎಣ್ಣೆ, ಇಂಜೆಕ್ಷನ್ನು ಅಂತ ಸಾಲ ಮಾಡಿಕೊಂಡು ಅಲೆಯುತ್ತಾರೆ.

ಮಗು ಬೆಳೆದಂತೆ ಕುರ್ಚಿ ಚಿಕ್ಕದಾಗುತ್ತದೆ, ಮತ್ತೆ ಅಳತೆ ಹಿಡಿಯಬೇಕು. ಹೋದಾಗಲೆಲ್ಲ ಎರಡೂ ತೊಡೆ ಅಗಲಿಸಿ ನೋಡುತ್ತೇನೆ. ಸಿಪಿ ಮಕ್ಕಳಲ್ಲಿ ಸುಮಾರು ಮೂವರಲ್ಲಿ ಒಬ್ಬರಿಗೆ ಸೊಂಟದ ಕೀಲು ಜಾರುತ್ತದೆ, ನಡೆಯದ ಮಕ್ಕಳಿಗೆ ಅಪಾಯ ಇನ್ನೂ ಜಾಸ್ತಿ. ಶುರುವಿನಲ್ಲಿ ನೋವೇ ಇರುವುದಿಲ್ಲ. ಹಾಗಾಗಿ ಮಗು ಅಳುವ ತನಕ ಕಾಯದೆ ಎಕ್ಸ್‌ರೇಗೆ ಚೀಟಿ ಬರೆಸುತ್ತೇನೆ.