ಥೈಮಾಲ್ ಜೊತೆ ಆ್ಯಂಟಿಬಯೋಟಿಕ್: ಚೆಕರ್‌ಬೋರ್ಡ್ ಪರೀಕ್ಷೆ ಮಾಡುವ ಬಗೆ

ಎರಡು ಔಷಧ ಸೇರಿದಾಗ ಬ್ಯಾಕ್ಟೀರಿಯಾ ತಡೆಯುವ ಬಲ ಹೆಚ್ಚುತ್ತದೆಯೇ ಎಂದು ನೋಡುವ ಈ ಪರೀಕ್ಷೆ ಲ್ಯಾಬಿನ ಕೆಲಸ. ಇದನ್ನು ನಂಬಿ ವೈದ್ಯರ ಮಾತ್ರೆ ಬಿಟ್ಟು ಓಮದೆಣ್ಣೆ ಕುಡಿಯಬೇಡಿ.

ಓಮಕ್ಕೆ ಘಾಟು ಕೊಡುವ ಥೈಮಾಲ್ ನೀರಿನಲ್ಲಿ ಸರಿಯಾಗಿ ಕರಗುವುದಿಲ್ಲ. ಡಿಎಂಎಸ್‌ಒ ಎಂಬ ದ್ರಾವಕದಲ್ಲಿ ಕರಗಿಸಿ, ಪ್ಲೇಟಿನ ಪ್ರತಿ ಗುಂಡಿಯಲ್ಲಿ ಡಿಎಂಎಸ್‌ಒ ಶೇ. 1 ಮೀರದಿರಲಿ. 96 ಗುಂಡಿಗಳ ಪ್ಲೇಟಿನಲ್ಲಿ ಮ್ಯುಲ್ಲರ್-ಹಿಂಟನ್ ಬ್ರಾತ್ (ಬ್ಯಾಕ್ಟೀರಿಯಾ ಬೆಳೆಸುವ ಪೋಷಕ ದ್ರವ) ಹಾಕಿ, ಅಡ್ಡಸಾಲಿಗೆ ಆ್ಯಂಟಿಬಯೋಟಿಕ್, ಉದ್ದಸಾಲಿಗೆ ಥೈಮಾಲ್ ಹಾಕುತ್ತಾ ಪ್ರಮಾಣ ಅರ್ಧರ್ಧ ಇಳಿಸುತ್ತಾ ಹೋಗಿ. ನ್ಯುಮೋನಿಯಾ ತರುವ ಕ್ಲೆಬ್ಸಿಯೆಲ್ಲಾ ಬ್ಯಾಕ್ಟೀರಿಯಾ ಮಿಲಿಲೀಟರಿಗೆ 5 ಲಕ್ಷ ಇರಲಿ. 35 ಡಿಗ್ರಿಯಲ್ಲಿ 16–20 ಗಂಟೆ ಇಡಿ.

ಹೆಚ್ಚಿನವರು ಎಡವುವುದು ಮುಚ್ಚಳದಲ್ಲಿ. ಥೈಮಾಲ್ ಆವಿಯಾಗಿ ಪಕ್ಕದ ಗುಂಡಿಗೂ ಹಬ್ಬಿದರೆ ಇಲ್ಲದ ಸಿನರ್ಜಿ (ಎರಡೂ ಸೇರಿ ಬಲ ಹೆಚ್ಚುವುದು) ಕಾಣಿಸುತ್ತದೆ. ಅಂಟುಹಾಳೆ ಅಂಚಿನವರೆಗೂ ಒತ್ತಿ. ಹೋಲಿಸಲು ಡಿಎಂಎಸ್‌ಒ ಮಾತ್ರ ಹಾಕಿದ ಗುಂಡಿಯೂ ಬೇಕು.

ತಿಳಿಯಾಗಿ ಉಳಿದ ಗುಂಡಿಯಲ್ಲಿ ಪ್ರತಿಯೊಂದರ ಪ್ರಮಾಣವನ್ನು ಅದರದೇ ಎಂಐಸಿಯಿಂದ (ಒಂಟಿಯಾಗಿ ಬೆಳವಣಿಗೆ ತಡೆಯಲು ಬೇಕಾದ ಕನಿಷ್ಠ ಪ್ರಮಾಣ) ಭಾಗಿಸಿ, ಎರಡನ್ನೂ ಕೂಡಿಸಿ. 0.5 ಅಥವಾ ಕಡಿಮೆಯಾದರೆ ಸಿನರ್ಜಿ. 4 ದಾಟಿದರೆ ಒಂದಕ್ಕೊಂದು ವಿರೋಧ.