ಬೀದರದ ಬಿಸಿಲಲ್ಲಿ ಉಲ್ಲನ್ ಗುಂಪು ನಡೆಸಿದ್ದು

"ಬೀದರದಾಗ ಉಲ್ಲನ್ ಯಾರಿಗೆ ಬೇಕ್ರೀ?" ನಮ್ಮ ಹೆಣಿಗೆ ಗುಂಪಿನ ಸುದ್ದಿ ಕಿವಿಗೆ ಬಿದ್ದವರೆಲ್ಲ ಮೊದಲು ಕೇಳುವುದು ಇದನ್ನೇ. ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಊರು, ಕೇಳುವುದರಲ್ಲಿ ತಪ್ಪೇನಿಲ್ಲ. ಆದರೆ ಡಿಸೆಂಬರಿನಲ್ಲಿ ಪೇಪರ್ ತೆಗೆದು ನೋಡಿ, ರಾಜ್ಯದಲ್ಲಿ ಹೆಚ್ಚು ಚಳಿ ಬಿದ್ದ ಊರುಗಳಲ್ಲಿ ಬೀದರದ ಹೆಸರು ಮತ್ತೆ ಮತ್ತೆ ಕಾಣುತ್ತದೆ. ಬೆಳಗಿನ ಜಾವಕ್ಕೆ 10 ಡಿಗ್ರಿ ಆಸುಪಾಸು, ಕೆಲವು ವರ್ಷ ಅದಕ್ಕೂ ಕೆಳಗೆ. ಹಾಲು ಹಾಕುವವರು ಕಿವಿಗೆ ಮಫ್ಲರ್ ಸುತ್ತಿಕೊಂಡೇ ಬರುತ್ತಾರೆ. ಆ ಚಳಿ ಇರುವುದು ಹೆಚ್ಚೆಂದರೆ ಎರಡೂವರೆ ತಿಂಗಳು. ಉಳಿದ ದಿನಗಳಲ್ಲಿ ಹೆಣಿಗೆಯ ಗುಂಪು ಏನು ಮಾಡಬೇಕು? ಅದಕ್ಕೆ ಉತ್ತರ ಸಿಕ್ಕಿದ ಮೇಲೆಯೇ ನಮ್ಮ ಗುಂಪು ನಿಂತಿದ್ದು.

ಹೆಣಿಗೆ ಬಲ್ಲವರು ಈ ಊರಿನಲ್ಲಿ ಬೇಕಾದಷ್ಟಿದ್ದಾರೆ, ಹುಡುಕಬೇಕಷ್ಟೆ. ವಾಯುಪಡೆಯ ನೆಲೆ ಇರುವುದರಿಂದ ಪಂಜಾಬ್, ಹಿಮಾಚಲ, ಉತ್ತರಾಖಂಡದ ಸಂಸಾರಗಳು ಬಂದು ಕೆಲವು ವರ್ಷ ಇದ್ದು ಹೋಗುತ್ತವೆ. ಆ ಕಡೆಯ ಅಕ್ಕಂದಿರು ಟಿವಿ ನೋಡುತ್ತಾ, ಕೈ ಕಡೆ ಕಣ್ಣೇ ಹಾಯಿಸದೆ ಸ್ವೆಟರ್ ಹೆಣೆಯುತ್ತಾರೆ. ನಾನಕ್ ಝೀರಾ ಗುರುದ್ವಾರದ ಸುತ್ತಿನ ಮನೆಗಳ ಹಿರಿಯರೂ ಹಾಗೇ. ಹಳೆ ಊರಿನಲ್ಲಿ, ಮಹಮೂದ್ ಗವಾನ್ ಮದರಸಾದ ಕಡೆಯ ಗಲ್ಲಿಗಳಲ್ಲಿ, ನಮಾಜಿನ ಜಾಳಿ ಟೋಪಿಯನ್ನು ಮನೆಯಲ್ಲೇ ಕ್ರೋಶಾದಿಂದ, ಅಂದರೆ ಒಂದೇ ಕೊಕ್ಕೆ ಸೂಜಿಯಿಂದ, ಹಾಕುವ ಖಾಲಾಗಳಿದ್ದಾರೆ (ಖಾಲಾ ಅಂದರೆ ಚಿಕ್ಕಮ್ಮ). ನಮ್ಮ ಕಡೆಯ ಮನೆಗಳಲ್ಲಿ ಅಜ್ಜಿಯರ ಕೈಯ ಬಾಗಿಲ ತೋರಣ, ಬಿಳಿ ದಾರದ ಟ್ರಂಕ್ ಹೊದಿಕೆ ಇನ್ನೂ ಪೆಟ್ಟಿಗೆಯೊಳಗೆ ಮಡಚಿ ಬಿದ್ದಿರುತ್ತವೆ. ಇಷ್ಟು ಮಂದಿ ಒಂದೇ ಊರಿನಲ್ಲಿದ್ದೂ ಒಬ್ಬರ ಮುಖ ಒಬ್ಬರಿಗೆ ಗೊತ್ತಿರಲಿಲ್ಲ. ನಾನು ಮಾಡಿದ್ದು ಇಷ್ಟೇ: ಉಲ್ಲನ್ ಮಾರುವ ಅಂಗಡಿಯ ಗಲ್ಲಾಪೆಟ್ಟಿಗೆಯ ಪಕ್ಕ ಕನ್ನಡ, ಉರ್ದು, ಹಿಂದಿ ಮೂರರಲ್ಲೂ ಬರೆದ ಒಂದು ಚೀಟಿ ಅಂಟಿಸಿದೆ. "ಶನಿವಾರ ಮಧ್ಯಾಹ್ನ 3ಕ್ಕೆ ನಮ್ಮ ಪಡಸಾಲೆಯಲ್ಲಿ ಕೂತು ಹೆಣೆಯೋಣ, ಚಹಾ ನಮ್ಮದು." ಉಲ್ಲನ್ ಕೊಳ್ಳಲು ಬಂದವರ ಕಣ್ಣಿಗೇ ಅದು ಬೀಳುತ್ತದೆ, ಬೇರೆ ಪ್ರಚಾರ ಬೇಕಾಗಲಿಲ್ಲ. ಸಮಯವೂ ನೋಡಿಯೇ ಇಟ್ಟದ್ದು. ಊಟದ ಪಾತ್ರೆ ತೊಳೆದಾಗಿರುತ್ತದೆ, ಸಂಜೆಯ ಚಹಾ, ಮಕ್ಕಳ ಟ್ಯೂಷನ್ ಇನ್ನೂ ದೂರ. 5ಕ್ಕೆ ಸರಿಯಾಗಿ ಏಳುತ್ತೇವೆ. ಏಳುವ ಹೊತ್ತು ಗೊತ್ತಿದ್ದರೆ ಮನೆಯಲ್ಲಿ ಬಿಡುತ್ತಾರೆ.

ಗುಂಪು ಕಟ್ಟುವವರಿಗೆ ನಾನು ಹೇಳುವ ಮೊದಲ ಮಾತು, ಕ್ಲಾಸ್ ಮಾಡಬೇಡಿ. ಕ್ಲಾಸ್ ಅಂದಕೂಡಲೇ ಒಬ್ಬರು ಮೇಡಂ ಆಗುತ್ತಾರೆ, ಉಳಿದವರೆಲ್ಲ ಹುಡುಗಿಯರಾಗುತ್ತಾರೆ. ಬಲ್ಲವರಿಗೆ ಬೇಸರ, ಬಾರದವರಿಗೆ ಅಂಜಿಕೆ. ಒಂದು ಸ್ವೆಟರ್ ಮುಗಿಯುತ್ತಲೇ ಇಬ್ಬರೂ ಬರುವುದು ಬಿಡುತ್ತಾರೆ. ಅದರ ಬದಲು ಎಲ್ಲರ ಕೈಗೂ ಒಂದೇ ಕೆಲಸ ಕೊಡಬೇಕು. ಕೆಲಸ ಎಷ್ಟು ಸಣ್ಣದಿರಬೇಕೆಂದರೆ, ಹೊಸಬರು ಎರಡು ಮೂರು ಶನಿವಾರದಲ್ಲಿ ಮುಗಿಸಬೇಕು, ಹಳಬರು ಮಾತಾಡುತ್ತಲೇ ಮುಗಿಸಬೇಕು. ಚಳಿಗಾಲಕ್ಕೆ ನಮಗೆ ಸಿಕ್ಕ ಕೆಲಸ ಕೂಸಿನ ಟೋಪಿ.

ಆಗ ತಾನೇ ಹುಟ್ಟಿದ ಕೂಸಿನ ಮೈಗೆ ಹೋಲಿಸಿದರೆ ತಲೆ ದೊಡ್ಡದು, ಮೈಯ ಕಾವು ಆ ಕಡೆಯಿಂದಲೇ ಬೇಗ ಹೋಗುತ್ತದೆ. ತೂಕ ಕಡಿಮೆಯಿರುವ ಕೂಸುಗಳನ್ನು ತಾಯಿಯ ಎದೆಗೆ ಒತ್ತಿ ಕಟ್ಟುವ ಕಾಂಗರೂ ಆರೈಕೆಯಲ್ಲೂ ಟೋಪಿ, ಕಾಲುಚೀಲ ಬೇಕೇ ಬೇಕು. ಒಂದು ಉಂಡೆ ಬಿಚ್ಚುವ ಮೊದಲೇ ನಾವಿಬ್ಬರು ಒಂದು ಆಸ್ಪತ್ರೆಯ ಬಾಣಂತಿ ವಾರ್ಡಿಗೆ ಹೋಗಿ ಹಿರಿಯ ಸಿಸ್ಟರ್ ಹತ್ತಿರ ಕೇಳಿದೆವು. ಅವರು ಒಂದೇ ಉಸಿರಿಗೆ ಹೇಳಿದರು: "ಗೊಂಡೆ, ಗುಂಡಿ, ರಿಬ್ಬನ್ ಏನೂ ಬ್ಯಾಡ್ರಿ ಅಕ್ಕಾ. ಮೆತ್ತಗಿರ್ಲಿ. ತೊಳೆದು ಒಣಗಿಸಿಕೊಂಡು ತರ್ರಿ. ಸಣ್ಣ ಸೈಜ್ ಜಾಸ್ತಿ ಮಾಡ್ರಿ, ಸಣ್ಣ ಕೂಸಿಗೆ ಯಾರೂ ತರಂಗಿಲ್ಲ." ದಾನ ಕೊಡುವ ಗುಂಪುಗಳು ಮೊದಲು ಮಾಡಬೇಕಾದ್ದು ಇದು. ತಮಗೆ ಚೆಂದ ಕಂಡದ್ದನ್ನು ಹೆಣೆದು ಮೂಟೆ ಕಟ್ಟಿಕೊಂಡು ಹೋದರೆ ವಾರ್ಡಿನವರು ನಗುತ್ತಾ ತೆಗೆದುಕೊಂಡು ಕಪಾಟಿಗೆ ಹಾಕುತ್ತಾರೆ.

ಲೆಕ್ಕ ಹೀಗೆ. ದಿನ ತುಂಬಿ ಹುಟ್ಟಿದ ಕೂಸಿನ ತಲೆಯ ಸುತ್ತಳತೆ ಸಾಮಾನ್ಯವಾಗಿ 33ರಿಂದ 35 ಸೆಂ.ಮೀ. ಹೆಣಿಗೆ ಹಿಗ್ಗುತ್ತದೆ, ಆದ್ದರಿಂದ ಟೋಪಿ 32 ಇದ್ದರೆ ಸಾಕು. 4 ಮಿ.ಮೀ. ಸೂಜಿಯಲ್ಲಿ ನಾವು ತರುವ ಮಧ್ಯಮ ದಪ್ಪದ ಉಲ್ಲನ್ 10 ಸೆಂ.ಮೀ.ಗೆ 22 ಕುಣಿಕೆ ಕೊಡುತ್ತದೆ. ಅಲ್ಲಿಗೆ 70 ಚಿಲ್ಲರೆ. ಅಂಚಿಗೆ ಎರಡು ಸೀದಾ ಎರಡು ಉಲ್ಟಾ ಹಾಕಲು 4ರಿಂದ ಭಾಗವಾಗಬೇಕು, ನೆತ್ತಿ ಮುಚ್ಚಲು 8ರಿಂದ ಭಾಗವಾಗಬೇಕು. ಹೀಗಾಗಿ 72 ಹಾಕುತ್ತೇವೆ. ಎರಡೇ ಸೂಜಿಯಲ್ಲಿ ಹೆಣೆದು ಆಮೇಲೆ ಹೊಲಿಯುವವರು ಅಂಚಿಗೆ ಒಂದೊಂದು ಸೇರಿಸಿ 74 ಹಾಕಲಿ. ಒಟ್ಟು 9-10 ಸೆಂ.ಮೀ. ಎತ್ತರವಾದ ಮೇಲೆ ನೆತ್ತಿ. 72 ಅಂದರೆ ಒಂಬತ್ತೊಂಬತ್ತರ 8 ಭಾಗ. ಪ್ರತಿ ಭಾಗದ ಕೊನೆಯ ಎರಡು ಕುಣಿಕೆ ಕೂಡಿಸಿ ಒಂದು ಮಾಡಬೇಕು. ಮುಂದಿನ ಸಾಲು ಸುಮ್ಮನೆ, ಅದರ ಮುಂದಿನದರಲ್ಲಿ ಮತ್ತೆ ಕೂಡಿಸುವುದು. ಸೂಜಿಯ ಮೇಲೆ 8 ಕುಣಿಕೆ ಉಳಿದಾಗ ದಾರ ಕತ್ತರಿಸಿ, ದಪ್ಪ ಸೂಜಿಗೆ ಪೋಣಿಸಿ, ಎಂಟರೊಳಗೂ ಹಾಯಿಸಿ ಜಗ್ಗಿದರೆ ನೆತ್ತಿ ಮುಚ್ಚಿಕೊಳ್ಳುತ್ತದೆ. ಸಣ್ಣ ಕೂಸಿಗೆ 64, ಅಲ್ಲಿ ಎಂಟೆಂಟರ 8 ಭಾಗ. ಕಾಲೇಜು ಹುಡುಗಿಯರಿಗೆ ಈ ಲೆಕ್ಕವನ್ನು ಒಮ್ಮೆ ಹೇಳಿದರೆ ಮುಗಿಯಿತು, ಮುಂದೆ ಯಾವ ದಪ್ಪದ ಉಲ್ಲನ್ ಕೊಟ್ಟರೂ ತಾವೇ ಕೂಡಿಸಿ ಕಳೆದು ಹಾಕುತ್ತಾರೆ. ನಮ್ಮ ಖಾಲಾ ಮಾತ್ರ ಎಣಿಸುವುದೇ ಇಲ್ಲ. ಟೋಪಿಯನ್ನು ಮಂಡಿಯ ಮೇಲೆ ಎಳೆದು ಹಿಡಿದು, "ಬಸ್, ಹೋಗಯಾ, ಅಬ್ ಘಟಾವ್" (ಸಾಕು, ಆಯಿತು, ಈಗ ಕುಣಿಕೆ ಕಡಿಮೆ ಮಾಡು) ಅನ್ನುತ್ತಾರೆ. ಅಳೆದು ನೋಡಿದರೆ ಸರಿಯಾಗಿಯೇ ಇರುತ್ತದೆ.

ಸೂಜಿಯ ನಂಬರ್ ವಿಷಯ ಇಲ್ಲೇ ಹೇಳಿಬಿಡಬೇಕು, ಹೊಸಬರು ಎಡವುವುದು ಅಲ್ಲಿಯೇ. ನಮ್ಮ ಅಂಗಡಿಗಳಲ್ಲಿ ಸಿಗುವ ಸೂಜಿಗೆ ಹಳೆಯ ಬ್ರಿಟಿಷ್ ನಂಬರು. ಅದರಲ್ಲಿ ನಂಬರ್ ಏರಿದಂತೆ ಸೂಜಿ ಸಣ್ಣದಾಗುತ್ತದೆ: 8 ಅಂದರೆ 4 ಮಿ.ಮೀ., 10 ಅಂದರೆ 3.25 ಮಿ.ಮೀ. ಯೂಟ್ಯೂಬಿನ ಅಮೆರಿಕದ ವಿಡಿಯೋಗಳಲ್ಲಿ ಎಲ್ಲಾ ತಲೆಕೆಳಗು, ಅಲ್ಲಿ 8 ಅಂದರೆ 5 ಮಿ.ಮೀ., 10 ಅಂದರೆ 6. ವಿಡಿಯೋ ನೋಡಿ 10ನೇ ನಂಬರ್ ತಂದವರ ಸ್ವೆಟರ್ ಗೊಂಬೆಗೆ ಆಗುತ್ತದೆ. ನಮ್ಮಲ್ಲಿ ನಂಬರ್ ಹೇಳುವ ರೂಢಿಯನ್ನೇ ಬಿಟ್ಟು ಮಿ.ಮೀ. ಲೆಕ್ಕದಲ್ಲೇ ಮಾತಾಡುತ್ತೇವೆ. ಉಲ್ಲನ್ ಉಂಡೆಯ ಪಟ್ಟಿಯ ಮೇಲೆ ಬಣ್ಣದ ನಂಬರಿನ ಜೊತೆ ಲಾಟ್ ನಂಬರೂ (ಒಟ್ಟಿಗೆ ಬಣ್ಣ ಹಾಕಿದ ಉಂಡೆಗಳ ಗುರುತು) ಇರುತ್ತದೆ, ಅದನ್ನೂ ನೋಡಿ. ಲಾಟ್ ಬೇರೆಯಾದರೆ ಅದೇ ಕೆಂಪು ತುಸು ಬೇರೆ ಕೆಂಪಾಗಿರುತ್ತದೆ. ಅಂಗಡಿಯ ಟ್ಯೂಬ್‌ಲೈಟಿನಲ್ಲಿ ಕಾಣುವುದಿಲ್ಲ, ಸ್ವೆಟರಿನ ಬೆನ್ನಿನ ನಡುವೆ ಪಟ್ಟಿ ಬಿದ್ದ ಮೇಲೆ ಕಾಣುತ್ತದೆ.

ಶಿವರಾತ್ರಿ ದಾಟಿತೆಂದರೆ ಉಲ್ಲನ್ ಒಳಗೆ, ಹತ್ತಿ ದಾರ ಹೊರಗೆ. ಬಿಸಿಲಿನಲ್ಲಿ ಕೈ ಬೆವರುತ್ತದೆ, ಉಲ್ಲನ್ ಹೆಸರಿನಲ್ಲಿ ಬರುವ ಅಕ್ರಿಲಿಕ್ ಎಂಬ ಕೃತಕ ದಾರ ಸೂಜಿಗೆ ಅಂಟಿಕೊಂಡು ಜಾರುವುದೇ ಇಲ್ಲ. ಆಗ ಕ್ರೋಶಾ ಖಾಲಾಗಳ ರಾಜ್ಯ. ನಡುವಿನಿಂದ ಶುರು ಮಾಡಿ ಚಕ್ರ ಬೆಳೆಸುವುದನ್ನು ನಾನು ಅವರ ಕೈ ನೋಡಿಯೇ ಕಲಿತೆ. ಗಿಡ್ಡ ಹೊಲಿಗೆಯಾದರೆ ಸುತ್ತಿಗೆ 6 ಹೆಚ್ಚಿಸಬೇಕು, ಉದ್ದ ಹೊಲಿಗೆಯಾದರೆ 12. ಕಡಿಮೆಯಾದರೆ ಬಟ್ಟಲಾಗುತ್ತದೆ, ಹೆಚ್ಚಾದರೆ ಅಂಚು ನೆರಿಗೆ ನೆರಿಗೆಯಾಗುತ್ತದೆ. ಟೋಪಿಗೆ ಬೇಕಾದ್ದು ಆ ಬಟ್ಟಲೇ, ಹಾಗಾಗಿ ಚಕ್ರ ನೆತ್ತಿಯಷ್ಟು ಅಗಲವಾದ ಮೇಲೆ ಹೆಚ್ಚಿಸುವುದನ್ನೇ ನಿಲ್ಲಿಸಿಬಿಡುತ್ತಾರೆ. ರಂಜಾನ್ ಬರುವುದರೊಳಗೆ ಖಾಲಾಗಳು ಟೋಪಿ ಮುಗಿಸಬೇಕು, ಅದಕ್ಕೆ ಎಲ್ಲರೂ ಕೈ ಸೇರಿಸುತ್ತೇವೆ. ಶ್ರಾವಣಕ್ಕೆ ಬಾಗಿಲ ತೋರಣ, ಆಗ ಅವರು ನಮಗೆ ಕೈ ಸೇರಿಸುತ್ತಾರೆ. ಇದಕ್ಕೆ ಯಾರೂ ನಿಯಮ ಬರೆದಿಲ್ಲ.

ಒಂದು ಬೇಸಿಗೆಯ ಕೆಲಸ ದೊಡ್ಡದು ಇರಲೆಂದು ಹೊದಿಕೆ ಹಿಡಿದೆವು. 2016ರಲ್ಲಿ ಚೆನ್ನೈನಲ್ಲಿ ಮದರ್ ಇಂಡಿಯಾಸ್ ಕ್ರೋಷೆ ಕ್ವೀನ್ಸ್ ಎಂಬ ಬಳಗದವರು ದೇಶದ ಊರೂರಿಂದ ಬಂದ ಚೌಕಗಳನ್ನು ಜೋಡಿಸಿ 11 ಸಾವಿರ ಚದರ ಮೀಟರಿಗೂ ಮೀರಿದ ಹೊದಿಕೆ ಮಾಡಿ ಗಿನ್ನೆಸ್ ದಾಖಲೆಗೆ ಸೇರಿದ್ದರು. ನಮ್ಮದು ಒಂದು ಮಂಚಕ್ಕಿಂತ ಗಿಡ್ಡ. 6 ಇಂಚಿನ ಚೌಕ, ಅಡ್ಡ 8, ಉದ್ದ 10. ಹೆಣೆಯುವುದು ಸುಲಭ, ಜೋಡಿಸುವುದೇ ಕಷ್ಟ. ಒಬ್ಬರ ಕೈ ಬಿಗಿ, ಒಬ್ಬರದು ಸಡಿಲು. ಒಂದೇ ದಾರ, ಒಂದೇ ಸೂಜಿ, ಒಂದೇ ನಮೂನೆ, ಆದರೂ ಒಬ್ಬರ ಚೌಕ ಐದೂವರೆ ಇಂಚು, ಇನ್ನೊಬ್ಬರದು ಆರೂವರೆ. ಇದನ್ನು ಬಾಯಲ್ಲಿ ಹೇಳಿದರೆ ಮನಸ್ತಾಪವಾಗುತ್ತದೆ. ಮಿಠಾಯಿ ಡಬ್ಬಿಯ ರಟ್ಟಿನಲ್ಲಿ 6 ಇಂಚಿನ ಚೌಕ ಕತ್ತರಿಸಿ ಎಲ್ಲರಿಗೂ ಒಂದೊಂದು ಕೊಟ್ಟೆವು. ಹೆಣೆದದ್ದನ್ನು ಅದರ ಮೇಲೆ ಇಟ್ಟು ತಾವೇ ನೋಡಿಕೊಳ್ಳಲಿ. ಕಡಿಮೆ ಬಿದ್ದರೆ ಸುತ್ತಲೂ ಇನ್ನೊಂದು ಸುತ್ತು, ಜಾಸ್ತಿಯಾದರೆ ಸಣ್ಣ ಸೂಜಿಯಿಂದ ಮತ್ತೊಂದು. ರಟ್ಟು ಹೇಳಿದರೆ ಯಾರಿಗೂ ಸಿಟ್ಟಿಲ್ಲ.

ನಮ್ಮ ನೆಲದ ಉಣ್ಣೆಯನ್ನೂ ಬಿಡಲಿಲ್ಲ. ಈ ಭಾಗದ ಕುರಿ ಡೆಕ್ಕನಿ ತಳಿ, ಕುರುಬರು ಕಂಬಳಿ ನೇಯುವುದು ಅದರ ಕಪ್ಪು ಉಣ್ಣೆಯಿಂದಲೇ. ಮಗ್ಗದ ಹಾಸಿನ ಉದ್ದ ಎಳೆಗಳಿಗೆ ಹುಣಸೆ ಬೀಜದ ಗಂಜಿ ಕೊಟ್ಟು ಗಟ್ಟಿ ಮಾಡುತ್ತಾರೆ. ಕೈಯಲ್ಲಿ ನೂತ ಅದೇ ನೂಲನ್ನು ಗುಂಪಿನ ಅಕ್ಕ ಒಬ್ಬರು ತವರಿನಿಂದ ತಂದರು. ಮುಟ್ಟಿದರೆ ಒರಟು, ಚುಚ್ಚುತ್ತದೆ, ನಡುನಡುವೆ ಹುಲ್ಲಿನ ಕಡ್ಡಿ. ಮೈಗೆ ಹಾಕುವ ಮಾತೇ ಇಲ್ಲ. ಆದರೆ 6 ಮಿ.ಮೀ. ಸೂಜಿಯಲ್ಲಿ ಹೆಣೆದು ಬಿಸಿನೀರಿನಲ್ಲಿ ತಿಕ್ಕಿದಾಗ ಕುಗ್ಗಿ ಗಟ್ಟಿ ಹಲಗೆಯಂತಾಯಿತು. ಕೂರುವ ಆಸನಕ್ಕೆ, ಬಿಸಿ ಪಾತ್ರೆ ಇಳಿಸುವುದಕ್ಕೆ ಅದಕ್ಕಿಂತ ಒಳ್ಳೆಯದಿಲ್ಲ. ಅಕ್ರಿಲಿಕ್ ಆದರೆ ಬಿಸಿ ಪಾತ್ರೆಯ ಕೆಳಗೆ ಕರಗುತ್ತದೆ, ಉಣ್ಣೆ ಕರಗುವುದಿಲ್ಲ. ಪಂಜಾಬಿನ ಅಕ್ಕ ಆ ನೂಲನ್ನು ಮೂಸಿ ನೋಡಿ "ಇದು ಸಚ್ಚಾ ಮಾಲ್" ಅಂದರು, ಒಂದು ಉಂಡೆ ಊರಿಗೂ ಒಯ್ದರು.

ಕೂರುವ ಜಾಗ ಯಾವಾಗಲೂ ನಮ್ಮ ಪಡಸಾಲೆಯೇ ಆಗಬೇಕೆಂದಿಲ್ಲ. ಎಳ್ಳಮಾವಾಸ್ಯೆಗೆ ಯಾರದಾದರೂ ಹೊಲಕ್ಕೆ ಹೋಗುತ್ತೇವೆ. ಭಜ್ಜಿ, ಸಜ್ಜೆ ರೊಟ್ಟಿ, ಅಂಬಲಿ ಹೊಟ್ಟೆಗೆ ಬಿದ್ದ ಮೇಲೆ ಸೂಜಿ ಎತ್ತುವವರು ಕಡಿಮೆ, ಅದು ಬೇರೆ ಮಾತು. ಜೂನ್ ಎರಡನೇ ಶನಿವಾರ ಬೇರೆ ದೇಶಗಳಲ್ಲಿ ಹೆಣೆಯುವವರು ಪಾರ್ಕು, ಬೀದಿಗಳಲ್ಲಿ ಕೂತು ಹೆಣೆಯುವ ರೂಢಿ 2005ರಿಂದ ನಡೆದು ಬಂದಿದೆ. ನಾವೂ ಆ ದಿನ ಬರೀದ್ ಶಾಹಿ ಉದ್ಯಾನದಲ್ಲಿ ಚಾಪೆ ಹಾಸಿದೆವು. ವಾಕಿಂಗಿಗೆ ಬಂದ ಕಾಕಾ ಒಬ್ಬರು ನಿಂತು, "ಏನ್ ಮಾಡ್ಲತ್ತೀರಿ ತಂಗಿ? ಒಂದು ಸ್ವೆಟರಿಗೆ ಎಷ್ಟು ತಗೋತೀರಿ?" ಎಂದರು. ಉಲ್ಲನ್ ದುಡ್ಡಿನ ಮೇಲೆ ಕೈಗೂಲಿ ಸೇರಿಸಿ ಹೇಳಿದ್ದಕ್ಕೆ, "ಅಷ್ಟಕ್ಕ ಬಜಾರದಾಗ ನಾಲ್ಕು ಬರ್ತಾವಲ್ಲ!" ಎಂದು ನಕ್ಕು ಹೋದರು. ಅವರ ಲೆಕ್ಕ ಸರಿ. ಮಷೀನಿನ ಸ್ವೆಟರಿನ ಎದುರು ಕೈಯ ಸ್ವೆಟರ್ ಬೆಲೆಯಲ್ಲಿ ಗೆಲ್ಲುವುದಿಲ್ಲ. ಅದಕ್ಕೇ ಗುಂಪಿನ ಹೆಸರಿನಲ್ಲಿ ಮಾರಾಟ ಬೇಡವೆಂದು ನಾನು ಹಟ ಹಿಡಿದಿದ್ದೇನೆ. ದುಡ್ಡು ಬಂದರೆ ಯಾರ ಕೈ ಚೆಂದ ಎಂಬ ಮಾತೂ ಬರುತ್ತದೆ. ಒಬ್ಬಿಬ್ಬರಿಗೆ ಇದು ಒಪ್ಪಿಗೆಯಿಲ್ಲ, ಅವರು ಮನೆಯಿಂದಲೇ ಮಾರುತ್ತಾರೆ, ಶನಿವಾರ ಎಂದಿನಂತೆ ಬರುತ್ತಾರೆ.

ನಮಗಿರುವ ದೊಡ್ಡ ತೊಂದರೆ ವರ್ಗಾವಣೆ. ವಾಯುಪಡೆಯ ಮನೆಯವರು ಹೊಂದಿಕೊಂಡು, ಗೆಳೆತನ ಬೆಳೆಯುವ ಹೊತ್ತಿಗೆ ಲಾರಿ ಬಂದು ನಿಲ್ಲುತ್ತದೆ, ಅವರ ಕೈಯ ವಿದ್ಯೆಯೂ ಅದರೊಂದಿಗೆ ಹೋಗುತ್ತದೆ. ಅದಕ್ಕೆ ಒಂದು ಉದ್ದ ನೋಟುಬುಕ್ ಇಟ್ಟಿದ್ದೇವೆ. ಹೊರಡುವವರು ತಮಗೆ ಚೆನ್ನಾಗಿ ಬರುವ ಒಂದು ನಮೂನೆಯನ್ನು ಹೇಳಬೇಕು, ನಾವು ಕನ್ನಡದಲ್ಲಿ ಸಾಲು ಸಾಲಾಗಿ ಬರೆದುಕೊಳ್ಳುತ್ತೇವೆ, ಇನ್ನೊಬ್ಬರು ಅದನ್ನು ಓದಿ ಹೆಣೆದು ನೋಡಿದ ಮೇಲೆಯೇ ಪುಟ ಪಕ್ಕಾ. ಹೆಣೆದ ತುಂಡನ್ನು ಅದೇ ಪುಟಕ್ಕೆ ಟಾಕಿ ಹಾಕುತ್ತೇವೆ. ಜಡೆಯ ನಮೂನೆ, ಜೇನುಗೂಡು, ಕಾಲುಚೀಲದ ಹಿಮ್ಮಡಿ ಎಲ್ಲ ಬಂದಿವೆ. ಕೈಗವಸಿನ ಹೆಬ್ಬೆರಳಿನ ಪುಟ ಮಾತ್ರ ಅರ್ಧಕ್ಕೆ ನಿಂತಿದೆ. ಅದನ್ನು ಹೇಳುತ್ತಿದ್ದ ಅಕ್ಕ ಈಗ ಅಂಬಾಲಾದಲ್ಲಿದ್ದಾರೆ, ವಿಡಿಯೋ ಕಾಲಿನಲ್ಲಿ ಅವರ ಕೈ ಓಡುವ ವೇಗಕ್ಕೆ ನಮ್ಮ ಪೆನ್ನು ಓಡುವುದಿಲ್ಲ. ಅವರೇ ನಿಧಾನಕ್ಕೆ ಹೆಣೆದು ರೆಕಾರ್ಡ್ ಮಾಡಿ ಕಳಿಸುತ್ತೇನೆಂದಿದ್ದಾರೆ.