ಇಲಿಯೂ ಅಲ್ಲ, ಮೂಗಿಲಿಯೂ ಅಲ್ಲ: ಆಸ್ಟ್ರೇಲಿಯಾದ ಪುಟ್ಟ ಮಾರ್ಸುಪಿಯಲ್‌ಗಳನ್ನು ಗುರುತಿಸುವುದು ಹೇಗೆ?

ಮೆಲ್ಬರ್ನ್‌ನ ಪೂರ್ವಕ್ಕಿರುವ ಗುಡ್ಡದ ಮೇಲೆ ನಮ್ಮ ಬಾಡಿಗೆ ಮನೆ. ಹಿತ್ತಿಲ ಬೇಲಿ ದಾಟಿದರೆ ನೀಲಗಿರಿ ಮರಗಳ ಕಾಡು. ಒಂದು ಅಕ್ಟೋಬರ್ ರಾತ್ರಿ ಅಡುಗೆಮನೆಯ ದೀಪ ಹಾಕಿದ್ದೇ ತಡ, ಕಟ್ಟೆಯ ಮೇಲೆ ಬೂದು ಬಣ್ಣದ್ದೇನೋ ಸರ್ರನೆ ಓಡಿ ಒಲೆಯ ಹಿಂದೆ ಸೇರಿತು. ನಾನು ಇಲಿಬೋನು ಹುಡುಕತೊಡಗಿದೆ. ಸಾಗರದಿಂದ ಬಂದಿದ್ದ ಅಮ್ಮ ಕನ್ನಡಕ ಏರಿಸಿಕೊಂಡು ಬಗ್ಗಿ ನೋಡಿ, "ಇಲಿ ಅಲ್ವೋ ಇದು, ಮೂಗಿಲಿ. ಮೂತಿ ನೋಡು" ಅಂದಳು.

ಅಮ್ಮ ಹೇಳಿದ್ದು ಅರ್ಧ ಸರಿ. ಅದು ಇಲಿ ಅಲ್ಲ. ಆದರೆ ನಮ್ಮೂರಿನ ಮೂಗಿಲಿಯ ಜಾತಿ ಆಸ್ಟ್ರೇಲಿಯಾದ ಮುಖ್ಯಭೂಮಿಯಲ್ಲಿ ಇಲ್ಲವೇ ಇಲ್ಲ. ಅದು ಆಂಟಿಕೈನಸ್. ಕಾಂಗರೂ ಥರ ಮಾರ್ಸುಪಿಯಲ್, ಅಂದರೆ ಹೊಟ್ಟೆಚೀಲದ ಪ್ರಾಣಿಗಳ ಗುಂಪಿನದು. ಟಾಸ್ಮೇನಿಯನ್ ಡೆವಿಲ್ ಇದೇ ಮನೆತನದ ದೊಡ್ಡಣ್ಣ. ಮೂಗಿಲಿಯದೂ ಇದರದೂ ಕಸುಬು ಒಂದೇ, ಸಂದಿಗೊಂದಿಯಲ್ಲಿ ಮೂತಿ ತೂರಿಸಿ ಹುಳ ಹಿಡಿಯುವುದು. ಹಾಗಾಗಿ ನೆಂಟಸ್ತನ ಇಲ್ಲದಿದ್ದರೂ ಮೂತಿ ಮಾತ್ರ ಒಂದೇ ಥರ.

ಬಣ್ಣ, ಗಾತ್ರ ನೋಡಿ ಹೆಸರು ಹೇಳಲು ಹೋದರೆ ಇಲ್ಲಿ ಎಡವುವುದು ಗ್ಯಾರಂಟಿ. ಎಲ್ಲವೂ ಬೂದು, ಎಲ್ಲವೂ ಅಂಗೈಯಷ್ಟು. ಅಮ್ಮನ ಕ್ರಮವೇ ಸರಿ. ಮೂತಿಯಿಂದ ಶುರು ಮಾಡಿ.

1. ಮೂತಿ, ಹಲ್ಲು, ಹೆಜ್ಜೆ: ಇಲಿ ಹೌದೋ ಅಲ್ಲವೋ?

ಯುರೋಪಿನವರ ಹಡಗು ಹತ್ತಿ ಬಂದ ಮನೆ ಇಲಿ ಈಗ ಆಸ್ಟ್ರೇಲಿಯಾದ ಉದ್ದಗಲಕ್ಕೂ ಇದೆ. ಗೊಂದಲ ಜಾಸ್ತಿ ಆಗುವುದು ಇದರ ಜೊತೆಗೇ. ಬದಿಯಿಂದ ನೋಡಿ. ಇಲಿಯ ಮೂತಿ ಮೊಂಡು, ಆಂಟಿಕೈನಸ್‌ದು ಹೆರೆದ ಪೆನ್ಸಿಲ್‌ನಂತೆ ಚೂಪು. ಓಡುವ ರೀತಿಯೂ ಬೇರೆ. ಆಂಟಿಕೈನಸ್ ಗಕ್ಕನೆ ನಿಲ್ಲುತ್ತದೆ, ಮೂಸುತ್ತದೆ, ಮತ್ತೆ ಸರ್ರನೆ ಹೋಗುತ್ತದೆ. ಕೊಂಬೆಯ ಅಡಿಭಾಗಕ್ಕೆ ತಲೆಕೆಳಗಾಗಿ ಅಂಟಿಕೊಂಡು ಓಡುವುದೂ ಉಂಟು.

ಬೆಕ್ಕು ಹಿಡಿದು ಹಾಕಿದ ಸತ್ತ ಪ್ರಾಣಿ ಸಿಕ್ಕರೆ ಅನುಮಾನಕ್ಕೆ ಜಾಗವೇ ಇಲ್ಲ. ಕೈಗವಸು ಹಾಕಿಕೊಂಡು ತುಟಿ ಸ್ವಲ್ಪ ಎತ್ತಿ. ಇಲಿಗೆ ಮುಂದೆ ಮೇಲೆರಡು, ಕೆಳಗೆರಡು ಉಳಿಯಂಥ ಬಾಚಿಹಲ್ಲು. ಅದರ ಹಿಂದೆ ಖಾಲಿ ಜಾಗ, ಆಮೇಲೆ ದವಡೆ ಹಲ್ಲು. ಆಂಟಿಕೈನಸ್‌ಗೆ ಮುಂದೆ ಮೇಲೆ ಎಂಟು, ಕೆಳಗೆ ಆರು ಪುಟ್ಟ ಹಲ್ಲುಗಳು. ಪಕ್ಕದಲ್ಲಿ ಕೋರೆಹಲ್ಲು. ಒಟ್ಟಿನಲ್ಲಿ ಸಣ್ಣ ಗರಗಸ.

ಜೀವಂತ ಪ್ರಾಣಿಯ ಬಾಯಿ ಯಾರೂ ತೆರೆದು ನೋಡುವುದಿಲ್ಲ, ನೋಡಲೂಬಾರದು. ಅದಕ್ಕೆ ಹೆಜ್ಜೆಗುರುತು ಇದೆ. ಇಲಿಯ ಮುಂಗಾಲಿನಲ್ಲಿ ಹೆಬ್ಬೆರಳು ಮೊಟಕಾಗಿದೆ. ಹಾಗಾಗಿ ನಾಲ್ಕು ಬೆರಳಿನ ಗುರುತು ಮಾತ್ರ ಬೀಳುತ್ತದೆ. ಆಂಟಿಕೈನಸ್‌ಗೆ ಮುಂಗಾಲಲ್ಲೂ ಐದು. ಆ ರಾತ್ರಿ ಅಮ್ಮ ಕರಿ ಕಲ್ಲಿನ ಕಟ್ಟೆಯ ಮೇಲೆ ಅಕ್ಕಿಹಿಟ್ಟನ್ನು ಜರಡಿ ಹಿಡಿದು ತೆಳ್ಳಗೆ ಉದುರಿಸಿದಳು. ಬೆಳಿಗ್ಗೆ ಒಲೆಯ ಪಕ್ಕದಿಂದ ಸಿಂಕ್‌ವರೆಗೆ ಎಳೆ ರಂಗೋಲಿ ಹಾಕಿದ ಹಾಗೆ ಚುಕ್ಕಿ ಸಾಲು. ಮೊಬೈಲ್‌ನಲ್ಲಿ ಫೋಟೊ ತೆಗೆದು ಹಿಗ್ಗಿಸಿ ಎಣಿಸಿದೆವು. ಮುಂದೆ ಐದು, ಹಿಂದೆ ಐದು.

ಹಿಕ್ಕೆಯೂ ಸುಳಿವು ಕೊಡುತ್ತದೆ. ಕಡ್ಡಿಯಿಂದ ಒಡೆದು ನೋಡಿ. ಜೀರುಂಡೆ ರೆಕ್ಕೆಯ ಹೊಳೆಯುವ ಚೂರುಗಳು ತುಂಬಿದ್ದರೆ ಅದು ಹುಳ ತಿನ್ನುವ ಪ್ರಾಣಿಯದು ಅಂತ ಅರ್ಥ.

2. ಕಿವಿ, ಕಣ್ಣು, ಹಿಂಗಾಲು: ಆಂಟಿಕೈನಸ್ಸೋ ಡನಾರ್ಟೋ?

ಇಲಿ ಅಲ್ಲ ಅಂತಾಯಿತು. ಈಗ ನಿಜವಾದ ತಲೆನೋವು. ಡನಾರ್ಟ್ ಕೂಡ ಅದೇ ಮನೆತನದ್ದು, ಮೂತಿಯೂ ಅಷ್ಟೇ ಚೂಪು. ವ್ಯತ್ಯಾಸ ಮುಖದಲ್ಲಿದೆ. ಡನಾರ್ಟ್‌ಗೆ ಕಣ್ಣು ದೊಡ್ಡದು, ಕರಿಮಣಿಯಂತೆ ಉಬ್ಬಿರುತ್ತದೆ. ಕಿವಿಯೂ ಮುಖಕ್ಕೆ ಅಳತೆ ಮೀರಿ ಅಗಲ. ಆಂಟಿಕೈನಸ್‌ನ ಕಣ್ಣು ಸಣ್ಣದು, ಕಿವಿ ತೆಳ್ಳಗೆ, ಅಂಚಿನಲ್ಲಿ ಯಾರೋ ಚಿವುಟಿದಂತೆ ಒಂದು ಕಚ್ಚು. ಹಿಂಗಾಲಿನ ಪಾದ ಮೋಟಾಗಿ ಅಗಲವಾಗಿದ್ದರೆ ಮರ ಹತ್ತುವ ಆಂಟಿಕೈನಸ್. ಕಡ್ಡಿಯಂತೆ ಸಪೂರ ಇದ್ದರೆ ನೆಲದ ಮೇಲೆ ಓಡಾಡುವ ಡನಾರ್ಟ್.

ನೀವು ನಿಂತಿರುವ ಜಾಗವೂ ಅರ್ಧ ಉತ್ತರ ಹೇಳುತ್ತದೆ. ಒದ್ದೆ ಕಾಡು, ಬಿದ್ದ ಮರದ ದಿಮ್ಮಿ, ದಪ್ಪ ತರಗೆಲೆ ಇದ್ದರೆ ಆಂಟಿಕೈನಸ್ ಇರಬಹುದು. ಮೆಲ್ಬರ್ನ್ ಇರುವ ವಿಕ್ಟೋರಿಯಾ ರಾಜ್ಯದ ಪಶ್ಚಿಮದ ಬಟ್ಟಬಯಲು, ಕುರಿ ಮೇಯುವ ಹುಲ್ಲುಗಾವಲು, ಕಲ್ಲು ಪೇರಿಸಿದ ಹಳೆಯ ಬೇಲಿ ಇದ್ದರೆ ಫ್ಯಾಟ್‌ಟೇಲ್ಡ್ ಡನಾರ್ಟ್. ಹಗಲೆಲ್ಲ ಅದು ಕಲ್ಲಿನಡಿ ಮಲಗಿರುತ್ತದೆ. ಹಾಗಂತ ಸುಮ್ನೆ ಕಲ್ಲುಗಳನ್ನೆಲ್ಲ ಎತ್ತಿ ನೋಡುತ್ತಾ ಹೋಗಬೇಡಿ. ಆ ಕಲ್ಲೇ ಅದರ ಮನೆ.

3. ಬಾಲ

ಫ್ಯಾಟ್‌ಟೇಲ್ಡ್ ಡನಾರ್ಟ್‌ನ ಬಾಲ ಬುಡದಲ್ಲಿ ದಪ್ಪ, ತುದಿಗೆ ಸಣ್ಣ. ಹೆಚ್ಚುಕಡಿಮೆ ಪುಟ್ಟ ಗಜ್ಜರಿ. ಅದರಲ್ಲಿರುವುದು ಕೂಡಿಟ್ಟ ಕೊಬ್ಬು. ಆದರೆ ಹುಷಾರು: ಊಟ ಸಿಗದ ದಿನಗಳಲ್ಲಿ ಆ ಬಾಲವೂ ಸೊರಗುತ್ತದೆ. ಕಾಮನ್ ಡನಾರ್ಟ್‌ದಂತೂ ಯಾವಾಗಲೂ ಸಣಕಲು ಬಾಲ. ಹಾಗಾಗಿ ಬಾಲ ದಪ್ಪ ಇದ್ದರೆ ಡನಾರ್ಟ್ ಅನ್ನಬಹುದು, ಸಣ್ಣ ಇದೆ ಅಂತ ಡನಾರ್ಟ್ ಅಲ್ಲ ಅನ್ನಲಾಗದು.

ಬಾಲ ಕೊಂಬೆಗೆ ಸುತ್ತಿಕೊಂಡಿದೆಯಾ? ಹಾಗಿದ್ದರೆ ಅದು ಪಿಗ್ಮಿ ಪಾಸಮ್, ಇನ್ನೊಂದು ಮನೆತನದ ಪುಟ್ಟ ಮಾರ್ಸುಪಿಯಲ್. ಮೂತಿ ಮೊಂಡು, ಕಣ್ಣು ದೊಡ್ಡದು, ಬ್ಯಾಂಕ್ಸಿಯಾ ಹೂವಿನ ಮಕರಂದ ನೆಕ್ಕುತ್ತಾ ಕೂತಿರುತ್ತದೆ. ಹಿಂಗಾಲಿನ ಎರಡು ಬೆರಳು ಅಂಟಿಕೊಂಡಿರುವುದು ಇದರ ಕಡೆಯವರ ಗುರುತು. ಬಾಲದ ಎರಡೂ ಬದಿಗೆ ಹಕ್ಕಿಗರಿಯಂತೆ ಕೂದಲಿದ್ದರೆ ಫೆದರ್‌ಟೇಲ್ ಗ್ಲೈಡರ್. ಸುಮಾರು 12 ಗ್ರಾಂ ತೂಕದ ಇದು ಮರದಿಂದ ಮರಕ್ಕೆ ತೇಲಿ ಹೋಗುತ್ತದೆ. ಆಸ್ಟ್ರೇಲಿಯಾದ ಹಳೆಯ ಒಂದು ಸೆಂಟ್ ನಾಣ್ಯ ನಿಮ್ಮಲ್ಲಿದ್ದರೆ ತಿರುಗಿಸಿ ನೋಡಿ, ಅದರ ಮೇಲಿರುವುದು ಇದೇ.

ಪಾಸಮ್ ವಿಷಯ ಬಂದಾಗ ಇದೊಂದನ್ನು ಹೇಳದೆ ಇರಲಾಗದು. ಮೌಂಟನ್ ಪಿಗ್ಮಿ ಪಾಸಮ್ ವಿಜ್ಞಾನಕ್ಕೆ ಮೊದಲು ಗೊತ್ತಾದದ್ದು 1895ರಲ್ಲಿ, ಬರೀ ಪಳೆಯುಳಿಕೆಯಾಗಿ. ಅದು ಎಂದೋ ಅಳಿದುಹೋಗಿದೆ ಅಂದುಕೊಂಡಿದ್ದರು. 1966ರಲ್ಲಿ ವಿಕ್ಟೋರಿಯಾದ ಮೌಂಟ್ ಹೋಥಮ್ ಬೆಟ್ಟದ ಒಂದು ಸ್ಕೀ ಗುಡಿಸಲಿನಲ್ಲಿ ಜೀವಂತವಾಗಿ ಸಿಕ್ಕಿತು. ಗುಡಿಸಲಿನಲ್ಲಿ ಕಂಡ "ಇಲಿ"ಯನ್ನು ಅವತ್ತು ಯಾರೋ ಎರಡನೇ ಸಲ ನೋಡಿದ್ದಕ್ಕೆ ಬಚಾವ್.

4. ಆಂಟಿಕೈನಸ್ ಸರಿ, ಯಾವುದು?

ಇಲ್ಲಿ ಸ್ವಲ್ಪ ವಿನಯ ಇರಲಿ. ಸುಲಭದ್ದು ಯೆಲ್ಲೋ ಫೂಟೆಡ್. ತಲೆ ಬೂದು, ಕಣ್ಣ ಸುತ್ತ ತಿಳಿ ಬಣ್ಣದ ಉಂಗುರ, ಪಕ್ಕೆ ಮತ್ತು ಕಾಲು ಕಿತ್ತಳೆ ಕಂದು, ಬಾಲದ ತುದಿ ಕಪ್ಪು. ಹಗಲಲ್ಲೂ ಓಡಾಡುವುದರಿಂದ ಟಾರ್ಚ್ ಬೇಕಿಲ್ಲ. ಡಸ್ಕಿ ಇನ್ನೊಂದು. ಗಾಢ ಕಂದು, ದಪ್ಪ ಮೈ, ಮುಂಗಾಲಲ್ಲಿ ಮಣ್ಣು ಕೆದರುವ ಉದ್ದ ಉಗುರು.

ಉಳಿದ ಅಜೈಲ್ ಮತ್ತು ಬ್ರೌನ್ ಎರಡನ್ನು ಮಾತ್ರ ಕಣ್ಣಲ್ಲಿ ನೋಡಿ ಬೇರೆ ಮಾಡುವುದು ಕಷ್ಟ. 1998ರವರೆಗೆ ವಿಜ್ಞಾನಿಗಳೂ ಎರಡನ್ನೂ ಒಂದೇ ಹೆಸರಲ್ಲಿ ಕರೆಯುತ್ತಿದ್ದರು. ಊರು ನೋಡಿ ಹೇಳುವುದೇ ವಾಸಿ. ಮೆಲ್ಬರ್ನ್ ಸುತ್ತಮುತ್ತ ಕಂಡರೆ ಅಜೈಲ್, ಸಿಡ್ನಿ ಕಡೆ ಕಂಡರೆ ಬ್ರೌನ್. ಕ್ವೀನ್ಸ್‌ಲ್ಯಾಂಡ್ ಕಡೆಯ ಪಟ್ಟಿ ಇನ್ನೂ ಬೆಳೆಯುತ್ತಿದೆ. 2012, 2013, 2014 ಹೀಗೆ ಮೂರು ವರ್ಷ ಸಾಲಾಗಿ ಒಂದೊಂದು ಹೊಸ ಜಾತಿಗೆ ಹೆಸರಿಟ್ಟರು. ಅಂಥ ಕಡೆ "ಆಂಟಿಕೈನಸ್, ಜಾತಿ ಗೊತ್ತಿಲ್ಲ" ಅಂತ ಬರೆದಿಟ್ಟುಕೊಳ್ಳುವುದು ಸೋಲೇನೂ ಅಲ್ಲ.

5. ಕ್ಯಾಲೆಂಡರ್ ನೋಡಿ

ಇದು ನನಗೆ ಎಲ್ಲಕ್ಕಿಂತ ಇಷ್ಟವಾದ ಹೆಜ್ಜೆ. ಗಂಡು ಆಂಟಿಕೈನಸ್‌ನ ಆಯಸ್ಸು ಒಂದು ವರ್ಷವೂ ಇಲ್ಲ. ಇಲ್ಲಿನ ಚಳಿಗಾಲದಲ್ಲಿ, ಮೆಲ್ಬರ್ನ್ ಕಡೆ ಹೆಚ್ಚಾಗಿ ಆಗಸ್ಟ್‌ನಲ್ಲಿ, ಒಂದೆರಡು ವಾರದ ಬೆದೆಗಾಲ. ಗಂಡುಗಳು ಊಟ, ನಿದ್ದೆ ಬಿಟ್ಟು ಹೆಣ್ಣಿನ ಹಿಂದೆ ಬೀಳುತ್ತವೆ. ಒಂದು ಕೂಡುವಿಕೆ ಕೆಲವೊಮ್ಮೆ ಹತ್ತು ಗಂಟೆ ದಾಟುತ್ತದೆ. ಮೈಯಲ್ಲಿ ಒತ್ತಡದ ಹಾರ್ಮೋನು ಏರಿ, ರೋಗ ತಡೆಯುವ ಶಕ್ತಿ ಕುಸಿದು, ಕೂದಲುದುರಿ, ಕೆಲವೇ ದಿನಗಳಲ್ಲಿ ಆ ಕಾಡಿನ ಗಂಡುಗಳೆಲ್ಲ ಸಾಯುತ್ತವೆ. ಅಂದರೆ ಅಕ್ಟೋಬರ್‌ನಲ್ಲಿ ಕಾಣುವ ದೊಡ್ಡ ಆಂಟಿಕೈನಸ್ ಹೆಣ್ಣೇ. ಬಾಲ ಎತ್ತಿ ನೋಡುವ ಕೆಲಸವೇ ಇಲ್ಲ.

ಹೊಟ್ಟೆಚೀಲ ನೋಡಿ ಗುರುತಿಸೋಣ ಅಂದುಕೊಂಡಿದ್ದರೆ ಆ ಆಸೆ ಬಿಡಿ. ಆಂಟಿಕೈನಸ್‌ಗೆ ಕಾಂಗರೂವಿನಂಥ ಚೀಲ ಇಲ್ಲ. ಹೊಟ್ಟೆಯ ಚರ್ಮದಲ್ಲಿ ಒಂದು ಮಡಿಕೆ, ಅಷ್ಟೇ. ಮರಿಗಳು ಮೊಲೆ ಕಚ್ಚಿಕೊಂಡು ಹೊರಗೇ ನೇತಾಡುತ್ತವೆ. ತಾಯಿ ಅವನ್ನು ನೆಲದ ಮೇಲೆ ಎಳೆದುಕೊಂಡೇ ಓಡುತ್ತಾಳೆ. ಕೆಲವು ವಾರ ಕಳೆದ ಮೇಲೆ ಗೂಡಲ್ಲಿ ಬಿಟ್ಟು ಬೇಟೆಗೆ ಹೋಗುತ್ತಾಳೆ. ನಮ್ಮ ಒಲೆಯ ಹಿಂದೆ ಓಡಿದ್ದು ಇಂಥ ಒಬ್ಬಳು ತಾಯಿ ಇರಬೇಕು. ಆ ಹೊತ್ತಲ್ಲಿ ಬೋನು ಇಟ್ಟಿದ್ದರೆ ಮರಿಗಳ ಗತಿ ಏನಾಗುತ್ತಿತ್ತು, ಅಲ್ವಾ? ಇಲಿಪಾಷಾಣವಂತೂ ಬೇಡವೇ ಬೇಡ. ಇಲ್ಲಿನ ಕಾಡುಪ್ರಾಣಿಗಳಿಗೆ ಕಾನೂನಿನ ರಕ್ಷಣೆ ಇದೆ, ವಿಕ್ಟೋರಿಯಾದಲ್ಲಿ 1975ರ ಕಾಯ್ದೆ. ಜಿರಲೆ, ಜೇಡ ತಿಂದುಕೊಂಡು ಇರುವ ಅತಿಥಿ, ನಾಲ್ಕು ದಿನ ಸಹಿಸಿಕೊಂಡರೆ ನಷ್ಟವಿಲ್ಲ.

6. ಫೋಟೊ

ಟಾರ್ಚ್‌ಗೆ ಕೆಂಪು ಜಿಲೆಟಿನ್ ಪೇಪರ್ ಸುತ್ತಿ, ಪ್ರಾಣಿ ಅಷ್ಟು ಬೆದರುವುದಿಲ್ಲ. ಮೂರು ಫೋಟೊ ಸಾಕು: ಬದಿಯಿಂದ ಮುಖ, ಕಿವಿಯ ಅಂಚು, ಹಿಂಗಾಲು. ಬಾಲ ಪೂರ್ತಿ ಬಂದರೆ ಇನ್ನೂ ಒಳ್ಳೆಯದು. ಅಳತೆಗೆ ಪಕ್ಕದಲ್ಲಿ ಟೈಲ್ಸ್ ಗೆರೆಯೋ ಬೆಂಕಿಪೊಟ್ಟಣವೋ ಇರಲಿ. ಐನ್ಯಾಚುರಲಿಸ್ಟ್ ಆ್ಯಪ್‌ಗೆ ಜಾಗ, ತಾರೀಖಿನ ಜೊತೆ ಹಾಕಿದರೆ ತಿಳಿದವರು ನೋಡಿ ಹೇಳುತ್ತಾರೆ.

ನನ್ನ ಮೊದಲ ಫೋಟೊದಲ್ಲಿ ಇದ್ದದ್ದು ಮಸುಕಾದ ಬೆನ್ನು ಮತ್ತು ಅರ್ಧ ಬಾಲ. ಉತ್ತರವೂ ಹಾಗೇ ಬಂತು: "ಆಂಟಿಕೈನಸ್ ಇರಬಹುದು, ಮುಖ ಕಾಣುವುದಿಲ್ಲ." ಓದಿ ಹೇಳಿದೆ. ಅಮ್ಮ ಹಿಟ್ಟು ಒರೆಸುತ್ತಿದ್ದವಳು ತಲೆ ಎತ್ತಲಿಲ್ಲ. "ಮೂತಿ ನೋಡು ಅಂದಿದ್ನಲ್ಲೋ" ಅಂದಳು.